ಪಿನ್‌ಕೋಡಿನಲ್ಲಿ ಸಿಕ್ಕ ಏಳು

ಕೂಡ್ಲಿಗಿ, ಹರಪನಹಳ್ಳಿ ಕಡೆಯ ಶಾಲೆಗಳಲ್ಲಿ ಆರನೇ ತರಗತಿಗೆ ಗಣಿತ ಹೇಳುತ್ತ ಬಂದವನು ನಾನು. ಹೇಳುತ್ತ ಹೇಳುತ್ತ ನಾನೇ ಕಲಿತ ಕೆಲವು ಪಾಠ ಇವು.

1. ಮೊದಲ ತೊಡಕು ಲೆಕ್ಕದ್ದಲ್ಲ, ಹೆಸರಿನದು. ಅಪವರ್ತನ, ಅಪವರ್ತ್ಯ ಎರಡೂ ಮಕ್ಕಳ ಕಿವಿಗೆ ಒಂದೇ. ವ್ಯಾಖ್ಯೆ ಬಾಯಿಪಾಠ ಮಾಡಿಸಿ ಸೋತೆ. ಈಗ 24 ಹುಣಸೆ ಬೀಜ ಕೊಟ್ಟು, ಒಂದೂ ಉಳಿಯದಂತೆ ಸಮನಾದ ಸಾಲು ಹಚ್ಚಿ ಎನ್ನುತ್ತೇನೆ. ಒಂದೇ ಸಾಲಾದರೆ 24, ಎರಡಾದರೆ 12, ಮೂರಾದರೆ 8, ನಾಲ್ಕಾದರೆ 6. ಹೀಗೆ ಸರಿಯಾಗಿ ಕೂತವೇ 24ರ ಅಪವರ್ತನಗಳು. ಅದೇ 24ರ ಮಗ್ಗಿ ಹೇಳುತ್ತ ಹೋದರೆ ಬರುವವು ಅಪವರ್ತ್ಯಗಳು, ಅವಕ್ಕೆ ಕೊನೆಯಿಲ್ಲ. 23 ಬೀಜ ಕೊಟ್ಟ ದಿನ ಹಿಂದಿನಿಂದ ದೂರು ಬಂತು: "ಸಾರ್, ಹೆಂಗ್ ಹಚ್ಚಿದ್ರೂ ಉಳೀತಾವ್ರಿ." ಅವಿಭಾಜ್ಯ ಸಂಖ್ಯೆಯನ್ನು ನಾನು ಇಷ್ಟು ಚೆನ್ನಾಗಿ ಎಂದೂ ವಿವರಿಸಿರಲಿಲ್ಲ.

2. ಜೋಡಿ ತಿರುವುಮುರುವಾದರೆ ಅಲ್ಲಿಗೆ ನಿಲ್ಲಿಸಿ. 4×6 ಆದಮೇಲೆ 6×4 ಬಂದರೆ ಹೊಸದೇನೂ ಸಿಗದು. 36ರಲ್ಲಿ 6ಕ್ಕೆ 6 ತಾನೇ ಜೋಡಿ. ಹಾಗಾಗಿ ಅದರ ಅಪವರ್ತನಗಳು 9, ಬೆಸ.

3. 1 ಅವಿಭಾಜ್ಯವಲ್ಲ. ಅವಿಭಾಜ್ಯಕ್ಕೆ ಅಪವರ್ತನ ಎರಡಿರಬೇಕು, ಇದಕ್ಕಿರುವುದು ಒಂದೇ. ವಾದ ಬೇಡ, ಎಣಿಸಲು ಹೇಳಿ.

4. ಲ.ಸಾ.ಅ.ಗೆ ನಳದ ನೀರು ಸಾಕು. ನಾಲ್ಕು ದಿನಕ್ಕೊಮ್ಮೆ ನೀರು, ವಾರಕ್ಕೊಮ್ಮೆ ಸಂತೆ. ಇವತ್ತು ಎರಡೂ ಕೂಡಿದರೆ ಮತ್ತೆ ಕೂಡುವುದು 28 ದಿನಕ್ಕೆ. ನೀರು ಆರು ದಿನಕ್ಕೊಮ್ಮೆ, ಹಾಲಿನ ಬಟವಾಡೆ ನಾಲ್ಕು ದಿನಕ್ಕೊಮ್ಮೆ ಎಂದರೆ ಮಾತ್ರ ಗುಣಿಸಿ 24 ಎಂದುಬಿಡುತ್ತಾರೆ. ಉತ್ತರ 12. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಇದನ್ನು 'ನಿರುದ್ಧ' ಎಂದು ಕರೆದು, ಭಿನ್ನರಾಶಿ ಕೂಡಿಸಲು ಬಳಸಿದ್ದಾನೆ.

5. ಭಾಜ್ಯತೆಯ ನಿಯಮ ಕಲಿಸಲು ಊರಿನ ಪಿನ್‌ಕೋಡ್ ಬರೆಯಿರಿ. ಹರಪನಹಳ್ಳಿ 583131: ಅಂಕಿ ಕೂಡಿದರೆ 21, ಮೂರಕ್ಕೆ ಹೋಗುತ್ತದೆ. ಕೊಟ್ಟೂರು 583134: ಕೂಡಿದರೆ 24, ಜೊತೆಗೆ ಸಮಸಂಖ್ಯೆ, ಆರಕ್ಕೂ ಹೋಗುತ್ತದೆ. ಕೂಡ್ಲಿಗಿ 583135, ಕೊನೆಗೆ ಐದು; ಇದನ್ನು ಮೂಲೆಯಲ್ಲಿ ತೂಕಡಿಸುವವನೂ ಹೇಳುತ್ತಾನೆ. ಹಗರಿಬೊಮ್ಮನಹಳ್ಳಿ 583212: ಕೊನೆಯ 12 ನಾಲ್ಕಕ್ಕೆ ಹೋಗುತ್ತದೆ, ಮೊತ್ತ ಮೂರಕ್ಕೆ, ಅಂದರೆ ಇಡೀ ಸಂಖ್ಯೆ ಹನ್ನೆರಡಕ್ಕೆ.

ಉಳಿದದ್ದು ಹಡಗಲಿ, 583219. ಬೆಸ, ಮೊತ್ತ 28, ಕೊನೆಗೆ ಐದೂ ಅಲ್ಲ ಸೊನ್ನೆಯೂ ಅಲ್ಲ. ಧೈರ್ಯವಾಗಿ ಬೋರ್ಡಿನ ಮೇಲೆ 'ಅವಿಭಾಜ್ಯ' ಎಂದು ಬರೆದೇಬಿಟ್ಟೆ. ಎರಡನೇ ಬೆಂಚಿನ ಹುಡುಗಿ ಮಾತ್ರ ಪೆನ್ಸಿಲ್ ಬಿಡಲಿಲ್ಲ. ಏಳೆಂಟ್ಲ ಐವತ್ತಾರು, ಉಳಿದದ್ದು 2. 23ರಲ್ಲಿ ಮೂರು ಸಲ, ಮತ್ತೆ 2. 22ರಲ್ಲಿ ಮೂರು, ಶೇಷ 1. 11ರಲ್ಲಿ ಒಂದು, ಶೇಷ 4. ಕೊನೆಗೆ 49. "ಸಾರ್, ಏಳೇಳ್ಲ ನಲವತ್ತೊಂಬತ್ತು. ಏನೂ ಉಳೀಲಿಲ್ರಿ." ಭಾಗಲಬ್ಧ 83317. ಡಸ್ಟರ್ ಅವಳ ಕೈಗೇ ಕೊಟ್ಟೆ.

6. ಏಳಕ್ಕೆ ಸುಲಭದ ಗುರುತಿಲ್ಲ, ಅದಕ್ಕೇ ಎಲ್ಲರೂ ಅದನ್ನು ಹಾರಿಸುತ್ತಾರೆ. 91 ಅವಿಭಾಜ್ಯ ಎನ್ನದ ತರಗತಿ ನಾನು ಕಂಡಿಲ್ಲ, ಅದು 7×13. ನೂರರೊಳಗಿನ ಸಂಖ್ಯೆಗೆ 2, 3, 5, 7 ನಾಲ್ಕರಿಂದ ಭಾಗಿಸಿ ನೋಡಿದರೆ ತೀರಿತು, ಏಕೆಂದರೆ ಮುಂದಿನ 11ರ ವರ್ಗವೇ 121. ನಮ್ಮ ಕಡೆಯ ಇಂಥ ಪಿನ್‌ಕೋಡ್ ಅವಿಭಾಜ್ಯ ಎನ್ನಬೇಕಾದರೆ 763ರವರೆಗೆ ಹೋಗಬೇಕು. ಅಲ್ಲಿಗೆ 135 ಅವಿಭಾಜ್ಯಗಳು. ಇಷ್ಟು ಹೇಳಿದರೂ ಮಕ್ಕಳು ಹೊಸಪೇಟೆಯ 583201 ಹಿಡಿದು ಕೂತರು. ಬೆಂಚಿಗೊಂದು ಭಾಜಕ ಹಂಚಿಕೊಂಡರು. 31ರವರೆಗೂ ಶೇಷ ಉಳಿಯುತ್ತಲೇ ಹೋಯಿತು. ಅಷ್ಟರಲ್ಲಿ ಬೇಸಿಗೆ ರಜೆ ಬಂತು.