ಓದಿ ಮುಗಿಸಿದ ದಿನವೇ ಮತ್ತೆ ಮೊದಲ ಪುಟ



ಇಂದಿನ ಚಿಂತನೆಗೆ ಯಹೂದಿಗಳ ಓದಿನ ಪದ್ಧತಿಯೊಂದನ್ನು ತೆಗೆದುಕೊಂಡಿದ್ದೇನೆ. ಅವರ ಧರ್ಮಗ್ರಂಥ ತೋರಾದಲ್ಲಿ ಐದು ಪುಸ್ತಕಗಳಿವೆ. ಅವನ್ನು 54 ಭಾಗ ಮಾಡಿ, ಸಾಮಾನ್ಯವಾಗಿ ವಾರಕ್ಕೊಂದರಂತೆ ವರ್ಷದಲ್ಲಿ ಓದಿ ಮುಗಿಸುತ್ತಾರೆ. ಶನಿವಾರ ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ಸುರುಳಿ ಬಿಚ್ಚಿ ಓದುತ್ತಾರೆ. ಓದುವವರು ತಪ್ಪಿದರೆ ಕೇಳುವವರು ಅಲ್ಲೇ ತಿದ್ದುತ್ತಾರೆ. ಸುಮ್ಮನೆ ಕೈಮುಗಿದು ಕೂರುವ ಸಭೆ ಅದಲ್ಲ.

ಕನ್ನಡ ಕಲಿಸುವ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ನಿಯಮ. ಆ ವಾರದ ಭಾಗವನ್ನು ಹೀಬ್ರೂವಿನಲ್ಲಿ ಎರಡು ಸಲ, ಅರಾಮಿಕ್ ಅನುವಾದದಲ್ಲಿ ಒಂದು ಸಲ ತಾವೇ ಓದಿಕೊಳ್ಳಬೇಕು ಎಂದು ತಾಲ್ಮುಡ್ ಹೇಳುತ್ತದೆ. ಅರಾಮಿಕ್ ಆ ಕಾಲದ ಜನರ ಆಡುಮಾತು. ಪವಿತ್ರ ಭಾಷೆಯಲ್ಲಿ ಬಾಯಿಪಾಠ ಒಪ್ಪಿಸಿದರೆ ಸಾಲದು, ಮನೆಮಾತಿನಲ್ಲಿ ಅರ್ಥವಾಗಬೇಕು ಎಂಬ ಎಚ್ಚರ ಇದರಲ್ಲಿದೆ.

ಕೊರತೆಯೂ ಇತ್ತು. ಶತಮಾನಗಳ ಕಾಲ ಸಭೆಯಲ್ಲಿ ಓದುವ ಸರದಿ ಗಂಡಸರದ್ದೇ. 1922ರಲ್ಲಿ ನ್ಯೂಯಾರ್ಕ್‌ನಲ್ಲಿ ಜುಡಿತ್ ಕಪ್ಲಾನ್ ಎಂಬ 12 ವರ್ಷದ ಹುಡುಗಿ ಸಭೆಯೆದುರು ನಿಂತು ತೋರಾದ ಭಾಗ ಓದಿದಳು. ಇಂದು ಅನೇಕ ಪಂಥಗಳಲ್ಲಿ ಹೆಣ್ಣುಮಕ್ಕಳು ಓದುತ್ತಾರೆ. ಕಟ್ಟಾ ಸಂಪ್ರದಾಯಸ್ಥರಲ್ಲಿ ಬಹುತೇಕ ಕಡೆ ಇನ್ನೂ ಅವಕಾಶವಿಲ್ಲ.

ವರ್ಷದ ಓದು ಮುಗಿಯುವುದು ಸಿಮ್ಖತ್ ತೋರಾ ಹಬ್ಬದಂದು. ಕೊನೆಯ ಭಾಗ ಓದಿದ ಕೂಡಲೇ, ಅದೇ ದಿನ, ಮೊದಲ ಪುಸ್ತಕದ ಆರಂಭ ಓದುತ್ತಾರೆ. ಪುಸ್ತಕ ಅದೇ. ಆದರೆ ಓದುವವರು ಒಂದು ವರ್ಷದ ಬದುಕು ಕಂಡು ಬಂದಿರುತ್ತಾರೆ, ಹೊಸ ಪ್ರಶ್ನೆ ಹುಟ್ಟುತ್ತದೆ.

ಇಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ: ದಿನವೂ ಹೇಳುವ ಪಾಲಿ ಗಾಥೆಗಳ ಅರ್ಥವನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಬಲ್ಲೆವೇ? ಮುಂದಿನ ಸಭೆಯಲ್ಲಿ ಓದುವ ಸರದಿ, ಇದುವರೆಗೆ ಓದದ ಯಾರಿಗೆ ಕೊಡೋಣ?