ಲಿನಕ್ಸಿನಲ್ಲಿ ಕಂಪೈಲರನ್ನು ಅಣಿಗೊಳಿಸಿ ಅಳಗುಳಿಮಣೆಯನ್ನು ರಚಿಸುವ ಕ್ರಮ

ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ಆಡುವುದನ್ನು ಕಂಡು ತಾಯಿತಂದೆಗಳು ಚಿಂತಿಸುವುದು ಸಹಜವೇ. ಆದರೆ ಆಡುವುದು ಬೇರೆ, ಆಟವನ್ನು ರಚಿಸುವುದು ಬೇರೆ. ಮೊದಲನೆಯದು ಹೊತ್ತನ್ನು ಕಳೆಯುತ್ತದೆ. ಎರಡನೆಯದು ಲೆಕ್ಕವನ್ನೂ ತರ್ಕವನ್ನೂ ತಾಳ್ಮೆಯನ್ನೂ ಕಲಿಸುತ್ತದೆ. ನಂದಗುಡಿಯಂತಹ ಊರಿನಲ್ಲಿಯೂ ಹಳೆಯದೊಂದು ಕಂಪ್ಯೂಟರಿನಿಂದ ಈ ವಿದ್ಯೆಯನ್ನು ಆರಂಭಿಸುವ ಬಗೆಯನ್ನು ಇಲ್ಲಿ ವಿವರಿಸುವೆವು.

೧. ಕಂಪೈಲರ್ ಎಂದರೇನು?

ಯಂತ್ರಕ್ಕೆ ತಿಳಿಯುವುದು ಸೊನ್ನೆ ಒಂದುಗಳ ಭಾಷೆ ಮಾತ್ರ. ನಾವು ಸಿ ಮೊದಲಾದ ಭಾಷೆಗಳಲ್ಲಿ ಬರೆದುದನ್ನು ಅದಕ್ಕೆ ತಿರುಗಿಸಿ ಹೇಳುವ ದುಭಾಷಿಯೇ ಕಂಪೈಲರ್. ೧೯೫೨ರಲ್ಲಿ ಇದರ ಪೂರ್ವರೂಪವನ್ನು ರಚಿಸಿದವರು ಗ್ರೇಸ್ ಹಾಪರ್ ಎಂಬ ಅಮೆರಿಕದ ಗಣಿತಜ್ಞೆ ಎಂಬುದನ್ನು ನಮ್ಮ ಬಾಲಕಿಯರು ನೆನಪಿನಲ್ಲಿಡತಕ್ಕದ್ದು. ರಿಚರ್ಡ್ ಸ್ಟಾಲ್‌ಮನ್ನರ ಗ್ನೂ ಯೋಜನೆಯಿಂದ ೧೯೮೭ರಲ್ಲಿ ಜಿಸಿಸಿ ಎಂಬ ಕಂಪೈಲರ್ ಹೊರಬಂದಿತು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸರು ಲಿನಕ್ಸನ್ನು ಪ್ರಕಟಿಸಿದರು. ಇವೆರಡನ್ನೂ ಬೆಲೆಯಿಲ್ಲದೆ ಪಡೆಯಬಹುದು. ಕಾಸರಗೋಡಿನ ಕನ್ನಡ ಮಕ್ಕಳು ಕೇರಳದ ಶಾಲೆಗಳಲ್ಲಿ ಲಿನಕ್ಸಿನ ಮೇಲೆಯೇ ಕಲಿಯುತ್ತಿರುವರು. ಅಲ್ಲಿ ೨೦೧೮ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಸಂಘಗಳು ಇಂತಹ ರಚನೆಯನ್ನೇ ಅಭ್ಯಾಸ ಮಾಡಿಸುತ್ತವೆ.

೨. ಅಣಿಗೊಳಿಸುವ ಕ್ರಮ

ಉಬುಂಟು ಅಥವಾ ಡೆಬಿಯನ್ ಇರುವ ಯಂತ್ರದಲ್ಲಿ ಟರ್ಮಿನಲನ್ನು ತೆರೆದು ಈ ಆಜ್ಞೆಗಳನ್ನು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಬೆರಳಚ್ಚಿಸಬೇಕು.

ಮೊದಲನೆಯದು, 'ಸುಡೋ ಆಪ್ಟ್ ಅಪ್‌ಡೇಟ್'. ಇದರಿಂದ ತಂತ್ರಾಂಶಗಳ ಪಟ್ಟಿಯು ಹೊಸದಾಗುತ್ತದೆ.

ಎರಡನೆಯದು, 'ಸುಡೋ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್'. ಇದರಿಂದ ಜಿಸಿಸಿಯೂ ಅದರ ಜೊತೆಯ ಉಪಕರಣಗಳೂ ಬರುತ್ತವೆ. 'ಜಿಸಿಸಿ --ವರ್ಷನ್' ಎಂದಾಗ ಆವೃತ್ತಿಯ ಅಂಕಿ ಕಂಡರೆ ಕೆಲಸ ಸಫಲವಾಯಿತು.

ಮೂರನೆಯದು, 'ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಎಸ್‌ಡಿಎಲ್೨-ಡೆವ್'. ಎಸ್‌ಡಿಎಲ್ ಎಂಬುದು ಚಿತ್ರ, ಧ್ವನಿ, ಕೀಲಿಮಣೆಗಳನ್ನು ಆಟಕ್ಕೆ ಒದಗಿಸುವ ಭಂಡಾರ. ಕೊನೆಯ 'ಡೆವ್' ಎಂಬುದನ್ನು ಬಿಡಬಾರದು. ಭಂಡಾರವೊಂದೇ ಇದ್ದರೆ ಸಿದ್ಧವಾದ ಆಟವನ್ನು ಆಡಬಹುದೇ ಹೊರತು, ಹೊಸತನ್ನು ಕಟ್ಟಲು ಬೇಕಾದ ಶಿರೋಕಡತಗಳು ದೊರೆಯವು.

೩. ಎರಡು ಬಗೆಯ ದೋಷಗಳು

ಬರೆದುದನ್ನು 'ಮಣೆ.ಸಿ' ಎಂಬ ಕಡತದಲ್ಲಿಟ್ಟು, 'ಜಿಸಿಸಿ ಮಣೆ.ಸಿ -ಓ ಮಣೆ -ಎಲ್‌ಎಸ್‌ಡಿಎಲ್೨' ಎನ್ನಬೇಕು; ಇದರಲ್ಲಿ ಎಸ್‌ಡಿಎಲ್ ಎಂಬ ಮೂರಕ್ಷರಗಳು ಮಾತ್ರ ದೊಡ್ಡವು. ಶಿರೋಕಡತ ಸಿಕ್ಕಲಿಲ್ಲವೆಂಬ ದೂರು ಬಂದರೆ 'ಡೆವ್' ಕಂತೆಯು ಬಂದಿಲ್ಲವೆಂದೋ ಕಡತದ ಹೆಸರು ತಪ್ಪಿದೆಯೆಂದೋ ತಿಳಿಯಬೇಕು. ಕರೆದ ಕಾರ್ಯದ ಅರ್ಥ ಸಿಕ್ಕಲಿಲ್ಲವೆಂಬ ದೂರು ಬಂದರೆ, ಅನುವಾದವು ಮುಗಿದು ಜೋಡಣೆಯಲ್ಲಿ ತಡೆಯಾಗಿದೆ. ಭಂಡಾರದ ಹೆಸರು ಬಿಟ್ಟುಹೋಗಿದೆ, ಇಲ್ಲವೆ ಕಡತದ ಹೆಸರಿಗಿಂತ ಮುಂಚೆ ಬಂದಿದೆ. ದೂರುಗಳು ಹಲವಿದ್ದರೆ ಮೊದಲನೆಯದನ್ನೇ ಮೊದಲು ತಿದ್ದತಕ್ಕದ್ದು. ಉಳಿದವು ಅನೇಕ ವೇಳೆ ಅದರಿಂದಲೇ ಹುಟ್ಟಿದವುಗಳಾಗಿರುತ್ತವೆ.

೪. ಮೊದಲ ಆಟ

ಅಳಗುಳಿಮಣೆಗಿಂತ ಒಳ್ಳೆಯ ಆರಂಭವಿಲ್ಲ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು. ಗುಳಿಗೆ ನಾಲ್ಕು ಹುಣಿಸೆಬೀಜಗಳಾದರೆ ಒಟ್ಟು ೫೬. ಮೊದಲು ಚಿತ್ರದ ಗೋಜಿಗೆ ಹೋಗದೆ ಅಂಕಿಗಳನ್ನು ಮಾತ್ರ ತೆರೆಯ ಮೇಲೆ ಬರೆಯಿಸಿರಿ. ಎಸ್‌ಡಿಎಲಿನ ಚಿತ್ರಗಳು ಆಮೇಲೆ ಬರಲಿ. ಪ್ರತಿಯೊಂದು ನಡೆಯ ಬಳಿಕವೂ ಗುಳಿಗಳಲ್ಲಿರುವ ಬೀಜಗಳನ್ನೂ ಇಬ್ಬರು ಗೆದ್ದವುಗಳನ್ನೂ ಕೂಡಿಸಲು ಆಜ್ಞಾಪಿಸಿರಿ. ಮೊತ್ತವು ೫೬ ಆಗದಿದ್ದಲ್ಲಿ ಎಲ್ಲಿಯೋ ತಪ್ಪಿದೆಯೆಂದು ಯಂತ್ರವೇ ಸಾರುತ್ತದೆ. ೨೦೨೦ರಲ್ಲಿ ಹೊರಬಂದ ಹತ್ತನೆಯ ಆವೃತ್ತಿಯಿಂದ ಜಿಸಿಸಿಯು 'ಗುಳಿ', 'ಬೀಜ' ಎಂಬ ಹೆಸರುಗಳನ್ನು ಕನ್ನಡಾಕ್ಷರಗಳಲ್ಲಿಯೇ ಸ್ವೀಕರಿಸುತ್ತದೆ.

ಕೊನೆಯ ಬೀಜ ಬಿದ್ದ ಮೇಲೆ ಮುಂದಿನ ಗುಳಿ ಬರಿದಾಗಿದ್ದರೆ ಯಾರಿಗೆ ಎಷ್ಟು? ಗುಳಿಯಲ್ಲಿ ಮತ್ತೆ ನಾಲ್ಕಾದರೆ ಅದು ಯಾರದು? ಇಂತಹ ನಿಯಮಗಳು ಮನೆಯಿಂದ ಮನೆಗೆ ಬೇರೆಯಾಗಿದ್ದು, ಬಹುಮಟ್ಟಿಗೆ ಅಜ್ಜಿಯರ ಬಾಯಲ್ಲಿಯೇ ಉಳಿದಿವೆ. ಯಂತ್ರವಾದರೋ 'ಸುಮಾರಾಗಿ' ಎಂಬುದನ್ನು ಒಪ್ಪದು. ಪ್ರತಿಯೊಂದನ್ನೂ ಕೇಳಿ ನಿಶ್ಚಯಿಸಿಯೇ ಬರೆಯಬೇಕಾಗುತ್ತದೆ. ಆದುದರಿಂದ ತಾಯಂದಿರೂ ಪೂರ್ವವಿದ್ಯಾರ್ಥಿನಿಯರೂ ಮಗಳನ್ನು ಕಂಪ್ಯೂಟರಿನ ಮುಂದೆ ಕೂರಿಸುವ ಮುನ್ನ ಒಂದು ಸಂಜೆ ಅಜ್ಜಿಯ ಎದುರಿಗೆ ಮಣೆಯಿಟ್ಟು ಕೂರಿಸಲೆಂದು ಬಿನ್ನವಿಸುತ್ತೇವೆ. ಕಂಪೈಲರನ್ನು ನಾಳೆಯೂ ತರಿಸಿಕೊಳ್ಳಬಹುದು. ಅಜ್ಜಿಯ ನಿಯಮವು ಮರೆತುಹೋದರೆ ಅದನ್ನು ತರಿಸಲು ಯಾವ ಆಜ್ಞೆಯೂ ಇಲ್ಲ.