ಶತ್ರುವನ್ನು ತವರಿನಲ್ಲಿ ಬಿಟ್ಟುಬಂದ ಗಿಡ

ಮಾದನಾಯಕನಹಳ್ಳಿಯಲ್ಲಿ ತುಮಕೂರು ರಸ್ತೆಯ ಅಂಚು ಹಿಡಿದು ನಡೆದರೆ, ಕಾರ್ಖಾನೆಗಳ ಗೋಡೆಯ ಮಗ್ಗುಲಲ್ಲಿಯೂ ಪಾಳುನೆಲದಲ್ಲಿಯೂ ಚಿಕ್ಕ ಬಿಳಿಯ ಹೂಗಳುಳ್ಳ ಒಂದು ಗಿಡವನ್ನು ನಾವು ಕಾಣುತ್ತೇವೆ. ಜನರು ಇದನ್ನು ಕಾಂಗ್ರೆಸ್ ಗಿಡವೆಂದೂ ಶಾಸ್ತ್ರಜ್ಞರು ಪಾರ್ಥೇನಿಯಂ ಎಂದೂ ಕರೆಯುವರು. ಇದರ ತವರು ಮೆಕ್ಸಿಕೋ ಮೊದಲಾದ ಅಮೆರಿಕದ ಉಷ್ಣಸೀಮೆ. ಪುಣೆಯಲ್ಲಿ 1955ನೆಯ ಇಸವಿಯಲ್ಲಿ ಕಣ್ಣಿಗೆ ಬಿದ್ದ ಈ ಕಳೆಯು ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ವೈರಿಯು ಗೋಧಿಯ ನಡುವೆ ಹಣಜಿಯನ್ನು ಬಿತ್ತಿದ ಸಾಮ್ಯವನ್ನು ನಾವು ಸುವಾರ್ತೆಯಲ್ಲಿ ಓದಿರುವೆವಷ್ಟೆ. ಇದೂ ಹೊರದೇಶದ ಗೋಧಿಯೊಡನೆ ಬಂದಿತೆಂದು ಹಲವರು ಹೇಳುವರು.

ಇದು ಇಲ್ಲಿ ಇಷ್ಟು ಹೆಚ್ಚಲು ಕಾರಣವೇನು? ತವರಿನಲ್ಲಿ ಇದರ ಎಲೆ, ಕಾಂಡ, ಬೀಜಗಳನ್ನು ತಿಂದು ಬದುಕುವ ಹುಳುಗಳು ಅನೇಕವಾಗಿವೆ. ಬೀಜವು ಕಡಲನ್ನು ದಾಟಿತು. ಶತ್ರುಗಳು ಅಲ್ಲಿಯೇ ಉಳಿದುವು. ನಮ್ಮ ದನಗಳೂ ಇದನ್ನು ಮೂಸಿ ಬಿಟ್ಟುಬಿಡುವುವು. ಒಂದೊಂದು ಗಿಡವು ಹತ್ತು ಸಾವಿರಕ್ಕೂ ಮೇಲ್ಪಟ್ಟು ಬೀಜಗಳನ್ನು ಕೊಡಬಲ್ಲುದು.

ಆದಕಾರಣ ಶತ್ರುವನ್ನೇ ಕರೆತರುವುದು ಒಂದು ಉಪಾಯ. ದಕ್ಷಿಣ ಹಿಂದೂಸ್ಥಾನದಲ್ಲಿ ಹೊಲಗಳನ್ನು ಮುಚ್ಚಿದ್ದ ಪಾಪಾಸುಕಳ್ಳಿಯನ್ನು 1926ರಲ್ಲಿ ಸಿಂಹಳದಿಂದ ತಂದ ಕಾಚಿನೀಲ್ ಹುಳುವು ಹೀಗೆಯೇ ಅಡಗಿಸಿತು. ಪಾರ್ಥೇನಿಯಮ್ಮಿಗಾಗಿ 1983ರಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಲಾಯಿತು. ನಮಗೆ ಅನತಿದೂರದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು, ಅದು ಬೇರೆ ಬೆಳೆಗಳನ್ನು ತಿನ್ನುವುದೋ ಎಂಬುದನ್ನು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನ ಬಯಲುಗಳಲ್ಲಿ ಬಿಟ್ಟರು. ಹಾಲುಬಣ್ಣದ ಬೆನ್ನಿನ ಮೇಲೆ ಕಂದುಗೆರೆಗಳುಳ್ಳ ಈ ಜೀರುಂಡೆಯೂ ಇದರ ಮರಿಹುಳುಗಳೂ ಮಳೆಗಾಲದಲ್ಲಿ ಗಿಡವನ್ನು ಬರಿಯ ಕಡ್ಡಿಯಾಗಿ ಮಾಡುವುದುಂಟು.

ಹಾಗಾದರೆ ಕಳೆಯು ಇನ್ನೂ ಏಕೆ ಉಳಿದಿದೆ? ಇಲ್ಲಿ ಹವೆಯ ಮಾತು ಬರುತ್ತದೆ. ಕಾಚಿನೀಲ್ ಹುಳುವಿಗೆ ಒಣಹವೆ ಹಿತ. ಬಿರುಮಳೆಯು ಅದನ್ನು ತೊಳೆದುಬಿಡುವುದು. ಈ ಜೀರುಂಡೆಗಾದರೋ ಮಳೆಯೇ ಹಿತ. ಮಳೆ ನಿಂತ ಮೇಲೆ ಅದು ಮಣ್ಣಿನೊಳಗೆ ಹೊಕ್ಕು ಮುಂಗಾರಿನವರೆಗೆ ನಿದ್ರಿಸುವುದು. ಆ ಕಾಲದಲ್ಲಿಯೂ ಮೋರಿಯ ತೇವವನ್ನು ಹೀರಿ ಕಳೆಯು ನಿರಾತಂಕವಾಗಿ ಹೂ ಬಿಡುವುದು. ಮೊದಲು ದೂರದೇಶಕ್ಕೆ ಬಂದು ಶತ್ರುವಿನಿಂದ ತಪ್ಪಿಸಿಕೊಂಡ ಗಿಡವು ಈಗ ಬೇಸಗೆಯನ್ನು ಆಶ್ರಯಿಸಿ ತಪ್ಪಿಸಿಕೊಳ್ಳುತ್ತದೆ.

ಈ ಗಿಡವು ಸೋಂಕಿದರೆ ಹಲವರಿಗೆ ಚರ್ಮದಲ್ಲಿ ತುರಿಕೆಯ ಹುಣ್ಣುಗಳಾಗುವುವು; ಇದರ ಪರಾಗದಿಂದ ಉಬ್ಬಸವೂ ಬರಬಹುದು. ಆದುದರಿಂದ ಬರಿಗೈಯಿಂದ ಮುಟ್ಟದೆ, ಕೈಗವಸು ತೊಟ್ಟು, ಹೂ ಬಿಡುವ ಮೊದಲೇ ಬೇರುಸಹಿತ ಕೀಳತಕ್ಕದ್ದು. ಸಾಮ್ಯದಲ್ಲಿ ಜನರು ನಿದ್ರಿಸುತ್ತಿದ್ದಾಗ ವೈರಿಯು ಬಂದನು. ಜೀರುಂಡೆಯು ನಿದ್ರಿಸುವ ತಿಂಗಳುಗಳಲ್ಲಿ ನಾವಾದರೂ ಎಚ್ಚರವಾಗಿರೋಣ.